ಬ್ರಯಾನ್ ಮೇ ನಾದ ಹುಡುಕುತ್ತಿರುವ ಹವ್ಯಾಸಿ ಗಿಟಾರ್ ವಾದಕರಿಗೆ ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಹಾಡು ಒಮ್ಮೆ ಕಿವಿಗೆ ಬಿದ್ದ ಮೇಲೆ ಅದರ ಗಿಟಾರ್ ವಾದಕ ಬ್ರಯಾನ್ ಮೇ ಅವರನ್ನು ಜೀವನವಿಡೀ ಕೇಳುತ್ತಲೇ ಬಂದವರು ನಮ್ಮ ನಡುವೆ ಬಹಳ ಮಂದಿ. ಆಫೀಸು, ಮನೆ, ಮಕ್ಕಳು ಎಲ್ಲ ಮುಗಿದ ಮೇಲೆ ರಾತ್ರಿ ಗಿಟಾರ್ ಎತ್ತಿಕೊಂಡು ಆ ಒಂದು ನಾದಕ್ಕಾಗಿ ತಡಕಾಡುವವರು. ಈ ಪತ್ರ ಅವರಿಗೇ. ನಮ್ಮ ಕೋರಿಕೆ ಒಂದೇ: ಇನ್ನೊಂದು ಪೆಡಲ್ (ದನಿ ಬದಲಿಸುವ ಡಬ್ಬಿ) ಕೊಳ್ಳುವ ಮೊದಲು, ಆ ನಾದ ಎಲ್ಲಿಂದ ಹುಟ್ಟುತ್ತದೆ ಎಂದು ಹಂತ ಹಂತವಾಗಿ ತಿಳಿದುಕೊಳ್ಳಿ. ಇದರಲ್ಲಿ ಮುಚ್ಚಿಟ್ಟ ಗುಟ್ಟೇನೂ ಇಲ್ಲ. ಮೇ ತಮ್ಮ ಗಿಟಾರಿನ ಹೊಟ್ಟೆಯೊಳಗೆ ಏನಿದೆ ಎಂದು ದಶಕಗಳಿಂದ ಬಿಚ್ಚಿ ಹೇಳುತ್ತಲೇ ಬಂದಿದ್ದಾರೆ. ಅಷ್ಟು ಧಾರಾಳವಾಗಿ ಹೇಳಿಕೊಟ್ಟವರ ಮಾತನ್ನು ಕೇಳಿಸಿಕೊಳ್ಳದೆ, ಅವರ ಹೆಸರಿನ ಡಬ್ಬಿಗೆ ದುಡ್ಡು ಸುರಿಯುವುದು ನ್ಯಾಯವಲ್ಲ.

ಗಿಟಾರಿನ ಕತೆ ನಿಮಗೆಲ್ಲ ಗೊತ್ತು. 1963ರ ಆಗಸ್ಟ್‌ನಲ್ಲಿ, ಲಂಡನ್ ಹೊರವಲಯದ ಮನೆಯಲ್ಲಿ, 16 ವರ್ಷದ ಹುಡುಗ ಮತ್ತು ಅವನ ತಂದೆ ಹೆರಾಲ್ಡ್ ಮೇ ಸೇರಿ ಗಿಟಾರ್ ಮಾಡಲು ಕೂತರು. ಫೆಂಡರ್ ಕಂಪನಿಯ ಗಿಟಾರ್ ಕೊಳ್ಳುವಷ್ಟು ಹಣವಿರಲಿಲ್ಲ. ನೆಕ್, ಅಂದರೆ ಗಿಟಾರಿನ ಕತ್ತು, ಬಂದದ್ದು ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟಿನಿಂದ. ಅದರಲ್ಲಿದ್ದ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮತ್ತು ಬ್ಲಾಕ್‌ಬೋರ್ಡ್ (ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಹಲಗೆ), ಮೇಲೆ ಮಹಾಗನಿ ವೆನೀರ್. ಫ್ರೆಟ್‌ಬೋರ್ಡಿನ ಚುಕ್ಕಿಗಳು ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಗುಂಡಿಗಳು. ಟ್ರೆಮೊಲೊಗೆ (ಸ್ವರ ಏರಿಳಿಸುವ ಸಾಧನ) 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗ್. ಅದರ ಹಿಡಿಗೆ ಸೈಕಲ್ ಚೀಲದ ಕಂಬಿ, ತುದಿಗೆ ಹೆಣಿಗೆ ಕಡ್ಡಿಯ ಚೂರು. ಹೆಚ್ಚು ಕಡಿಮೆ ಎರಡು ವರ್ಷದ ಕೆಲಸ, 8 ಪೌಂಡ್ ಆಸುಪಾಸಿನ ಖರ್ಚು. 1985ರ ಲೈವ್ ಏಡ್‌ನಲ್ಲಿ, 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಾವಣಿಯ ಮೇಲೆ ಮೊಳಗಿದ್ದು ರೆಡ್ ಸ್ಪೆಷಲ್ ಎಂಬ ಹೆಸರಿನ ಇದೇ ಗಿಟಾರ್.

ಈ ಕತೆಯನ್ನು ಬಡ ಹುಡುಗನ ಛಲ ಎಂದು ಹೇಳಿ ಮುಗಿಸುವುದು ರೂಢಿ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಗುಜರಿ ಸಾಮಾನಿನ ಹಿಂದಿರುವ ಲೆಕ್ಕ. ಸ್ಕೇಲ್ ಉದ್ದವನ್ನೇ, ಅಂದರೆ ತಂತಿ ಮಿಡಿಯುವ ಭಾಗದ ಉದ್ದವನ್ನೇ ನೋಡಿ. ಸ್ಟ್ರಾಟ್‌ನದ್ದು (ಫೆಂಡರ್‌ನ ಸ್ಟ್ರಾಟೊಕ್ಯಾಸ್ಟರ್ ಗಿಟಾರ್) 25.5 ಇಂಚು, ರೆಡ್ ಸ್ಪೆಷಲ್‌ದು 24. ತಂತಿಯ ಬಿಗಿತ ಉದ್ದದ ವರ್ಗಕ್ಕೆ ಅನುಗುಣ. ಹಾಗಾಗಿ ಅದೇ ತಂತಿ, ಅದೇ ಸ್ವರಕ್ಕೆ ಇಲ್ಲಿ ಸುಮಾರು ಶೇ 11ರಷ್ಟು ಸಡಿಲ. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವಂತೆ ಮೇ ಬೆರಳಲ್ಲಿ ಸ್ವರ ಅಲುಗಾಡುವುದಕ್ಕೆ ಈ ಸಡಿಲ ದೊಡ್ಡ ಆಸರೆ. ನಿಮ್ಮದು 25.5 ಇಂಚಿನ ಗಿಟಾರ್ ಆಗಿದ್ದು 10ರ ಸೆಟ್ (ಅತಿ ತೆಳು ತಂತಿ 0.010 ಇಂಚು) ಹಾಕಿದ್ದರೆ, 9–42 ಸೆಟ್‌ಗೆ ಇಳಿಯಿರಿ. ಇನ್ನೂ ಬಿಗಿ ಅನಿಸಿದರೆ ಅರ್ಧ ಸ್ವರ ಶ್ರುತಿ ಇಳಿಸಿ. ತಂತಿಯ ದಪ್ಪ ಬದಲಿಸಿದ ಮೇಲೆ ನೆಕ್ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಟ್ರೆಮೊಲೊ ಇದ್ದರೆ ಬ್ರಿಡ್ಜ್ ಕೂಡ ಕೂರುವ ಮಟ್ಟ ಬದಲಾಗುತ್ತದೆ. ನೆಕ್ ಒಳಗಿನ ಸರಳಾದ ಟ್ರಸ್ ರಾಡ್ ಅನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ಮತ್ತೆ ನೋಡಿ.

ಇಂಥ ಗಿಟಾರನ್ನು ನೀವೇ ಮಾಡಲು ಹೊರಟಿದ್ದರೆ ಫ್ರೆಟ್, ಅಂದರೆ ಬೆರಳಿಡುವ ಪಟ್ಟಿಯ ಮೇಲಿನ ಲೋಹದ ಅಡ್ಡಗೆರೆಗಳ ಲೆಕ್ಕ ಹೀಗೆ: ಉಳಿದಿರುವ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಬೇಕು. 609.6 ಮಿಲಿಮೀಟರ್ ಉದ್ದಕ್ಕೆ ಮೊದಲ ಫ್ರೆಟ್ 34.21ರಲ್ಲಿ, ಎರಡನೆಯದು 66.51ರಲ್ಲಿ, ಹನ್ನೆರಡನೆಯದು 304.8ರಲ್ಲಿ ಬರುತ್ತದೆ. ಪ್ರತಿಯೊಂದನ್ನೂ ಶೂನ್ಯ ಫ್ರೆಟ್‌ನಿಂದಲೇ ಅಳೆದು ಗುರುತು ಹಾಕಿ. ಹಿಂದಿನ ಫ್ರೆಟ್‌ನಿಂದ ಅಳೆಯುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು, 24ನೇ ಫ್ರೆಟ್‌ಗೆ ಬರುವಷ್ಟರಲ್ಲಿ ಶ್ರುತಿ ಕೆಟ್ಟಿರುತ್ತದೆ.

ಟ್ರೆಮೊಲೊ ವಿಷಯದಲ್ಲಿ ಅಪ್ಪ-ಮಗ ಹಿಡಿದದ್ದು ಒಂದೇ ಗುರಿ: ಎಲ್ಲೂ ಉಜ್ಜಾಟ ಇರಬಾರದು. ಟ್ರೆಮೊಲೊ ಕೂತದ್ದು ಚೂರಿಯ ಅಲುಗಿನಂಥ ಉಕ್ಕಿನ ಅಂಚಿನ ಮೇಲೆ, ತಂತಿ ಹಾಯುವ ಜಾಗದಲ್ಲಿ ಉರುಳುವ ಪುಟ್ಟ ರೋಲರ್‌ಗಳು, ಶೂನ್ಯ ಫ್ರೆಟ್ ದಾಟಿದ ತಂತಿ ಬಾಗದೆ ನೇರವಾಗಿ ಶ್ರುತಿ ಮಾಡುವ ಕೀಲಿಗೆ ಹೋಗುತ್ತದೆ. ನಿಮ್ಮ ಗಿಟಾರಿನಲ್ಲಿ ಟ್ರೆಮೊಲೊ ಒತ್ತಿ ಬಿಟ್ಟಾಗ ಶ್ರುತಿ ತಪ್ಪುತ್ತಿದ್ದರೆ ಕೀಲಿಗಳನ್ನು ಬೈಯುವ ಮೊದಲು ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರುಪಟ್ಟಿ) ನೋಡಿ. ಶ್ರುತಿ ಮಾಡುವಾಗ ‘ಟಿಕ್’ ಎಂದು ಸದ್ದು ಬಂದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದೇ ಅರ್ಥ. ಆ ಗೀರಿಗೆ ಪೆನ್ಸಿಲ್ ಸೀಸದ ಪುಡಿ ತುಂಬಿ. ಕೀಲಿಗೆ ಎರಡು ಮೂರು ಸುತ್ತಿಗಿಂತ ಹೆಚ್ಚು ತಂತಿ ಬೇಡ. ಹೊಸ ತಂತಿಯನ್ನು ಕೈಯಿಂದ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡುವುದನ್ನು, ಅದು ಇಳಿಯುವುದು ನಿಲ್ಲುವವರೆಗೆ ಮಾಡಿ.

ಇನ್ನು ನಾಣ್ಯ. ಮೇ ಪ್ಲಾಸ್ಟಿಕ್ ಪಿಕ್ ಬಿಟ್ಟು ಬ್ರಿಟನ್ನಿನ ಹಳೆಯ ಆರು ಪೆನ್ಸ್ ನಾಣ್ಯದಲ್ಲಿ ನುಡಿಸುತ್ತಾರೆ. ಅದು ತಾಮ್ರ-ನಿಕ್ಕಲ್ ಮಿಶ್ರಲೋಹ, ಅಡ್ಡಳತೆ ಸುಮಾರು 19.4 ಮಿಲಿಮೀಟರ್, ಅಂಚಿನಲ್ಲಿ ಸಣ್ಣ ಗೀರುಗಳು. ಇದಕ್ಕಾಗಿ ವಿದೇಶದಿಂದ ನಾಣ್ಯ ತರಿಸುವವರಿದ್ದಾರೆ, ಅದರ ಅಗತ್ಯವಿಲ್ಲ. 1970–80ರ ದಶಕದ ನಮ್ಮ ತಾಮ್ರ-ನಿಕ್ಕಲ್ ನಾಲ್ಕಾಣೆ 19 ಮಿಲಿಮೀಟರ್ ಅಗಲದ್ದು, ಅಂಚಿಗೆ ಗೀರು ಇರುವಂಥದ್ದು. 2011ರಲ್ಲಿ ಚಲಾವಣೆ ನಿಂತ ಮೇಲೂ ಎಷ್ಟೋ ಮನೆಗಳ ಡಬ್ಬಿಯಲ್ಲಿ ಉಳಿದಿದೆ. ಆಮೇಲೆ ಬಂದ ಸ್ಟೇನ್‌ಲೆಸ್ ಸ್ಟೀಲ್ ನಾಲ್ಕಾಣೆ ಬೇಡ, ಅದು ಗಡುಸು, ತಂತಿಯನ್ನು ತಿನ್ನುತ್ತದೆ. ನಾಣ್ಯ ಬಾಗುವುದಿಲ್ಲವಾದ್ದರಿಂದ ಬಾಗುವ ಕೆಲಸವೆಲ್ಲ ಬೆರಳಿನದು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಯಿರಿ. ಗಟ್ಟಿಯಾಗಿ ಹಿಡಿದರೆ ತಂತಿ ಕಡಿಯುತ್ತದೆ, ಕೈ ಸೋಲುತ್ತದೆ. ನಾಣ್ಯವನ್ನು ತಂತಿಗೆ ಸಮವಾಗಿ ಹಿಡಿದರೆ ದುಂಡು ದನಿ. ಸ್ವಲ್ಪ ಓರೆ ಮಾಡಿದರೆ ಅಂಚಿನ ಗೀರು ತಂತಿಯನ್ನು ಕೆರೆದು, ಸ್ವರದ ಮುಂಚೆ ಒಂದು ‘ಚ್’ ಎಂಬ ವ್ಯಂಜನ ಸೇರುತ್ತದೆ. ಮೇ ಗಿಟಾರ್ ಮಾತಾಡಿದಂತೆ ಕೇಳುವುದು ಈ ವ್ಯಂಜನದಿಂದಲೇ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಸಿಗುತ್ತದೆ.

ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗಳು) ಜೋಡಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ರೆಡ್ ಸ್ಪೆಷಲ್‌ನಲ್ಲಿರುವುದು ಮೂರು ಬರ್ನ್ಸ್ ಟ್ರೈ-ಸೋನಿಕ್ ಪಿಕಪ್. ಮೇ ಮೊದಲು ತಾವೇ ಸುತ್ತಿದ ಪಿಕಪ್‌ಗಳಲ್ಲಿ, ತಂತಿ ಎಳೆದಾಗ ದನಿ ವಿಚಿತ್ರವಾಗುತ್ತಿತ್ತು. ಅದಕ್ಕೇ ಬರ್ನ್ಸ್ ಕೊಂಡರು. ಅವುಗಳ ಬೆಲೆ ತಿಳಿದು ಗಾಬರಿಯಾಗಬೇಡಿ. ಇಲ್ಲಿ ಪಿಕಪ್‌ಗಿಂತ ಜೋಡಣೆಯ ಪಾಲು ದೊಡ್ಡದು, ಅದನ್ನು ಯಾವ ಅಗ್ಗದ ಸ್ಟ್ರಾಟ್ ಮಾದರಿಯ ಗಿಟಾರಿಗೂ ಮಾಡಬಹುದು. ಸ್ಟ್ರಾಟ್‌ನಲ್ಲಿ ಎರಡು ಪಿಕಪ್ ಒಟ್ಟಿಗೆ ಆರಿಸಿದರೆ ಅವು ಪ್ಯಾರಲಲ್ ಆಗಿ ಸೇರುತ್ತವೆ: ದನಿ ತೆಳು, ಹೊಳಪು ಹೆಚ್ಚು. ರೆಡ್ ಸ್ಪೆಷಲ್‌ನಲ್ಲಿ ಅವು ಸೀರೀಸ್: ಒಂದರ ಬಾಲ ಇನ್ನೊಂದರ ತಲೆಗೆ. ಬಲ ಕೂಡುತ್ತದೆ, ಮಧ್ಯದ ಸ್ವರಾಂಶ ಉಬ್ಬುತ್ತದೆ, ತುದಿಯ ಚೂಪು ಇಳಿಯುತ್ತದೆ. ಬ್ರಿಡ್ಜ್ ಮತ್ತು ಮಧ್ಯದ ಪಿಕಪ್ ಒಂದೇ ಫೇಸ್‌ನಲ್ಲಿ, ಅಂದರೆ ಅಲೆಗಳು ಒಟ್ಟಿಗೆ ಏರಿಳಿಯುವಂತೆ, ಸೇರಿದ್ದು ಅವರ ದಿನಬಳಕೆಯ ದನಿ.

ಬೇಕಾದದ್ದು ಆರು ಡಿಪಿಡಿಟಿ (ಆರು ಕಾಲಿನ, ಎರಡು ದಾರಿಯ) ಸ್ಲೈಡ್ ಸ್ವಿಚ್. ಪ್ರತಿ ಪಿಕಪ್‌ಗೆ ಎರಡು: ಒಂದು ಆನ್-ಆಫ್‌ಗೆ, ಒಂದು ಫೇಸ್ ತಿರುಗಿಸಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವು ಪುಡಿಗಾಸಿಗೆ ಸಿಗುತ್ತವೆ. ಫೇಸ್ ಸ್ವಿಚ್‌ಗೆ ಪಿಕಪ್‌ನ ಎರಡು ತಂತಿಗಳನ್ನು ನಡುವಿನ ಎರಡು ಕಾಲಿಗೆ ಸೋಲ್ಡರ್ ಮಾಡಿ, ನಾಲ್ಕು ಮೂಲೆಯ ಕಾಲುಗಳನ್ನು ಅಡ್ಡಡ್ಡ ಕತ್ತರಿಯಂತೆ ಸೇರಿಸಿ, ಒಂದು ತುದಿಯ ಜೋಡಿಯಿಂದ ಹೊರತಂತಿ ತೆಗೆಯಿರಿ. ಆಮೇಲೆ ಬ್ರಿಡ್ಜ್ ಪಿಕಪ್‌ನ ಮೇಲ್ತುದಿ ವಾಲ್ಯೂಮ್‌ಗೆ, ಅದರ ಕೆಳತುದಿ ಮಧ್ಯದ ಪಿಕಪ್‌ನ ಮೇಲ್ತುದಿಗೆ, ಅದರ ಕೆಳತುದಿ ನೆಕ್ ಪಿಕಪ್‌ಗೆ, ಕೊನೆಯ ತುದಿ ಗ್ರೌಂಡಿಗೆ. ಒಂದೇ ವಾಲ್ಯೂಮ್, ಒಂದೇ ಟೋನ್ ಸಾಕು. ಮೂಲದಲ್ಲಿ 220 ಕಿಲೋಓಮ್, ಪೇಟೆಯಲ್ಲಿ ಸಿಗುವ 250 ನಡೆಯುತ್ತದೆ.

ಎಡವಟ್ಟಾಗುವ ಜಾಗಗಳು ಗೊತ್ತಿರಲಿ. ಆಫ್ ಸ್ವಿಚ್ ಪಿಕಪ್‌ನ ತಂತಿಯನ್ನು ಬಿಡಿಸಬಾರದು. ಎರಡು ತುದಿಗಳನ್ನು ಪರಸ್ಪರ ಕೂಡಿಸಿ ಆ ಪಿಕಪ್‌ ಅನ್ನು ಶಾರ್ಟ್ ಮಾಡಬೇಕು. ಸೀರೀಸ್‌ನಲ್ಲಿ ಒಂದನ್ನು ಬಿಡಿಸಿದರೆ ಇಡೀ ಸರಪಳಿ ಕಡಿದು ಗಿಟಾರ್ ಮೂಕವಾಗುತ್ತದೆ. ಎರಡನೆಯದು, ಅಗ್ಗದ ಪಿಕಪ್‌ಗಳಲ್ಲಿ ಲೋಹದ ತಳ ಅಥವಾ ಹೊದಿಕೆಯನ್ನು ಸುರುಳಿಯ ಒಂದು ತುದಿಗೇ ಸೇರಿಸಿರುತ್ತಾರೆ. ಆ ಕೊಂಡಿ ಕತ್ತರಿಸಿ ಹೊದಿಕೆಗೆ ಬೇರೆ ಗ್ರೌಂಡ್ ತಂತಿ ಕೊಡಿ. ಇಲ್ಲವಾದರೆ ಫೇಸ್ ತಿರುಗಿಸಿದ ಕೂಡಲೇ ಗುಂಯ್ ಎನ್ನುವ ಹಮ್ ಏರುತ್ತದೆ. ಒಂದೇ ಪಿಕಪ್ ಆನ್ ಇದ್ದಾಗ ಫೇಸ್ ಸ್ವಿಚ್ ಯಾವ ವ್ಯತ್ಯಾಸವನ್ನೂ ಮಾಡದು; ಅದು ದೋಷವಲ್ಲ. ಎಲ್ಲ ಪಿಕಪ್ ಒಂದೇ ಫೇಸ್‌ನಲ್ಲಿವೆಯೇ ಎಂದು ತಿಳಿಯಲು ಮುಳ್ಳಿನ ಮಲ್ಟಿಮೀಟರ್ ಬೇಕು. ಅತಿ ಕಡಿಮೆ ಡಿಸಿ ರೇಂಜಿನಲ್ಲಿಟ್ಟು, ಪಿಕಪ್‌ಗೆ ಕಬ್ಬಿಣದ ಸ್ಕ್ರೂಡ್ರೈವರ್ ತಾಗಿಸಿ ಥಟ್ಟನೆ ಎತ್ತಿ. ಮುಳ್ಳು ಮೂರರಲ್ಲೂ ಒಂದೇ ದಿಕ್ಕಿಗೆ ಜಿಗಿಯುವಂತೆ ತಂತಿಗಳನ್ನು ಗುರುತು ಮಾಡಿಕೊಳ್ಳಿ.

ಜೋರು ವಾಲ್ಯೂಮಿನಲ್ಲಿ ಕೀಚಲು ಸಿಳ್ಳೆ ಬಂದರೆ ಪಿಕಪ್‌ನ ಸುರುಳಿಯೇ ಅದುರುತ್ತಿದೆ. ಮೇ ತಮ್ಮವಕ್ಕೆ ಅರಾಲ್ಡೈಟ್ ಅಂಟು ತುಂಬಿದರು. ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಬಿಚ್ಚಲಾಗದು, ಹಾಗಾಗಿ ನಿಮಗೆ ಮೇಣವೇ ವಾಸಿ: ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 65 ಡಿಗ್ರಿಗೆ ಕರಗಿಸಿ. ಪಿಕಪ್‌ ಅನ್ನು ಗುಳ್ಳೆ ನಿಲ್ಲುವವರೆಗೆ, 15–20 ನಿಮಿಷ ಮುಳುಗಿಸಿಡಿ. ನೇರ ಉರಿಯ ಮೇಲೆ ಮೇಣ ಇಡಲೇಬೇಡಿ, ಹತ್ತಿಕೊಳ್ಳುತ್ತದೆ. ಶಾಖ ಹೆಚ್ಚಾದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಗಿಟಾರ್ ದಾಟಿದರೆ ಟ್ರೆಬಲ್ ಬೂಸ್ಟರ್, ಅಂದರೆ ಮೇಲಿನ ಸ್ವರಾಂಶವನ್ನು ತಳ್ಳಿಕೊಡುವ ಪುಟ್ಟ ಡಬ್ಬಿ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರ್ ವಾಕ್ಸ್ ಎಸಿ30 ಆಂಪ್ (ದನಿವರ್ಧಕ) ಮತ್ತು ಇಂಥದೇ ಬೂಸ್ಟರ್ ಆದ ಡಲ್ಲಾಸ್ ರೇಂಜ್‌ಮಾಸ್ಟರ್ ಬಳಸುವುದನ್ನು ಕಂಡು, ಅವರನ್ನೇ ಕೇಳಿ ತಿಳಿದು, ಮೇ ಅದೇ ದಾರಿ ಹಿಡಿದರು. ಸಮಕಾಲೀನ ವಾದಕರೊಬ್ಬರು ಕೇಳಿದ ಕೂಡಲೇ ಹೇಳಿಕೊಟ್ಟದ್ದರಿಂದ ಹುಟ್ಟಿದ ನಾದವಿದು. ರೇಂಜ್‌ಮಾಸ್ಟರ್‌ನೊಳಗಿರುವುದು ಬೆರಳೆಣಿಕೆಯ ಬಿಡಿಭಾಗ: ಓಸಿ44 ಜರ್ಮೇನಿಯಂ ಟ್ರಾನ್ಸಿಸ್ಟರ್ ಒಂದು, ರೆಸಿಸ್ಟರ್‌ಗಳು 470 ಕಿಲೋಓಮ್, 68 ಕಿಲೋಓಮ್, 3.9 ಕಿಲೋಓಮ್, 10 ಕಿಲೋಓಮ್ ವಾಲ್ಯೂಮ್, ಒಳಬರುವಲ್ಲಿ 5 ನ್ಯಾನೋಫ್ಯಾರಡ್ ಕೆಪಾಸಿಟರ್ (ಈಗ 4.7 ಹಾಕಬಹುದು), ಹೊರಹೋಗುವಲ್ಲಿ 10, ಎಮಿಟರ್‌ಗೆ 47 ಮೈಕ್ರೋಫ್ಯಾರಡ್, ಒಂದು 9 ವೋಲ್ಟ್ ಬ್ಯಾಟರಿ.

ಓಸಿ44 ಈಗ ದುಬಾರಿ, ನಕಲಿಯೂ ಜಾಸ್ತಿ. ಎಸಿ128 ಹಾಕಿದರೂ ಒಳ್ಳೆಯ ದನಿ ಬರುತ್ತದೆ. ಕ್ವೀನ್ ತಂಡದ ಬೇಸ್ ವಾದಕ ಜಾನ್ ಡೀಕನ್ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡಿನಿಂದ ಮಾಡಿಕೊಟ್ಟ ಪುಟ್ಟ ಡೀಕಿ ಆಂಪ್‌ನಲ್ಲಿ ಇದ್ದದ್ದೂ ಇದೇ ಎಸಿ128. ‘ಗುಡ್ ಕಂಪನಿ’ ಹಾಡಿನಲ್ಲಿ ಗಿಟಾರ್ ಒಂದರಿಂದಲೇ ಕ್ಲಾರಿನೆಟ್, ಟ್ರಾಂಬೋನ್ ಕೇಳಿಸಿದ್ದು ಆ ಆಂಪ್‌ನಿಂದ. ಜಾಲಹಳ್ಳಿಯ ಬಿಇಎಲ್ 1962ರಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಕೆ ಶುರುಮಾಡಿತ್ತು. ನಮ್ಮ ಹಳೆಯ ರೇಡಿಯೊಗಳಲ್ಲಿ ಅಂಥವು ಇನ್ನೂ ಕೂತಿವೆ. ಅಜ್ಜನ ರೇಡಿಯೊ ಇನ್ನೂ ಹಾಡುತ್ತಿದ್ದರೆ ದಯವಿಟ್ಟು ಬಿಚ್ಚಬೇಡಿ. ಗುಜರಿಗೆ ಹೋದ ಬೋರ್ಡ್‌ಗಳಲ್ಲಿ ಹುಡುಕಿ. ನಾಲ್ಕೈದು ತಂದು ಅಳೆದು ನೋಡಿ: ಗೇನ್ (ದನಿ ಹಿಗ್ಗಿಸುವ ಬಲ) 70ರಿಂದ 100ರ ಆಸುಪಾಸು ಇರಲಿ, ಲೀಕೇಜ್ (ಸೋರುವ ಕರೆಂಟ್) 200 ಮೈಕ್ರೋಆಂಪಿಯರ್ ದಾಟದಿರಲಿ. ಮಾಮೂಲಿ ಮಲ್ಟಿಮೀಟರ್ ಲೀಕೇಜನ್ನೂ ಸೇರಿಸಿ ಗೇನ್ ಎಂದು ತೋರಿಸುತ್ತದೆ. ಹಾಗಾಗಿ 200ರ ಮೇಲೆ ತೋರಿಸುವ ಟ್ರಾನ್ಸಿಸ್ಟರನ್ನು ಅದೃಷ್ಟ ಎಂದುಕೊಳ್ಳಬೇಡಿ. ಬೆಸುಗೆ ಹಾಕುವಾಗ ಅದರ ಕಾಲನ್ನು ಚಿಮಟದಲ್ಲಿ ಹಿಡಿದು ಶಾಖ ತಡೆಯಿರಿ.

ಎಲ್ಲ ಸೇರಿಸಿದ ಮೇಲೆ ಕಲೆಕ್ಟರ್‌ನಲ್ಲಿ ಗ್ರೌಂಡಿಗೆ ಹೋಲಿಸಿ ಮೈನಸ್ 7 ವೋಲ್ಟ್ ಬಳಿ ಬರಬೇಕು. ಬರದಿದ್ದರೆ 68 ಕಿಲೋಓಮ್ ಜಾಗದಲ್ಲಿ 100 ಕಿಲೋಓಮ್ ಟ್ರಿಮ್‌ಪಾಟ್ ಹಾಕಿ ಹೊಂದಿಸಿ. ಜರ್ಮೇನಿಯಂ ಲೀಕೇಜ್ ಪ್ರತಿ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೊಂದಿಸಿದ ಬೂಸ್ಟರ್ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಬಿಕ್ಕಳಿಸುವುದು ಇದಕ್ಕೇ. ಬಯಲುಸೀಮೆಯವರು ಬೇಸಿಗೆಯಲ್ಲೇ ಹೊಂದಿಸಿಕೊಳ್ಳಿ, ಇಲ್ಲವೇ ಸಿಲಿಕಾನ್ ಟ್ರಾನ್ಸಿಸ್ಟರಿನ ಬೂಸ್ಟರ್ ಆರಿಸಿ. ಮೇಲೆ ಹೇಳಿದ ಜರ್ಮೇನಿಯಂ ಬೂಸ್ಟರ್ ಪಿಎನ್‌ಪಿ ಬಗೆಯದು, ಪಾಸಿಟಿವ್ ಗ್ರೌಂಡ್ (ಬ್ಯಾಟರಿಯ ಪ್ಲಸ್ ತುದಿ ಗ್ರೌಂಡಿಗೆ). ಬೇರೆ ಪೆಡಲ್‌ಗಳ ಜತೆ ಒಂದೇ ಅಡಾಪ್ಟರ್ ಸರಪಳಿಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಬ್ಯಾಟರಿ ಅಥವಾ ಬೇರೆಯದೇ ಸಪ್ಲೈ ಇರಲಿ. ಗಿಟಾರ್ ಮತ್ತು ಬೂಸ್ಟರ್ ನಡುವೆ ಬಫರ್ ಇರುವ ಟ್ಯೂನರ್, ವಾಯರ್‌ಲೆಸ್ ಯಾವುದೂ ಬೇಡ. ಬೂಸ್ಟರ್‌ಗೆ ಪಿಕಪ್ ನೇರ ಸಿಕ್ಕಬೇಕು, ಅವೆರಡರ ಎಳೆದಾಟದಲ್ಲೇ ದನಿ ಮೃದುವಾಗುವುದು.

ಬೂಸ್ಟರ್ ಕೊಂಡವರ ದೂರು ಒಂದೇ: ‘ಕಿವಿ ಕೊರೆಯುತ್ತದೆ.’ ಕೊರೆಯಲೇಬೇಕು, ಏಕೆಂದರೆ ಅವರು ಅದನ್ನು ದನಿ ಒಡೆಯದ ಕ್ಲೀನ್ ಆಂಪ್‌ಗೆ ಸಿಕ್ಕಿಸಿರುತ್ತಾರೆ. ಎಸಿ30ರಲ್ಲಿ ನಾಲ್ಕು ಇಎಲ್84 ವಾಲ್ವ್, 12 ಇಂಚಿನ ಎರಡು ಸ್ಪೀಕರ್. ಮೇ ಬಳಸುವುದು ಅದರ ನಾರ್ಮಲ್ ಚಾನೆಲ್, ವಾಲ್ಯೂಮ್ ಪೂರ್ತಿ. ಅಷ್ಟು ತುಂಬಿದ ಆಂಪ್‌ಗೆ ಮಂದ್ರದ ಸ್ವರಾಂಶ ಹೆಚ್ಚು ಹೋದರೆ ಎಲ್ಲ ಕಲಸಿ ಹೋಗುತ್ತದೆ. ಬೂಸ್ಟರ್ ಆ ಮಂದ್ರವನ್ನು ಮೊದಲೇ ತೆಳು ಮಾಡಿ ಮೇಲಿನದನ್ನು ತಳ್ಳುತ್ತದೆ, ಆಂಪ್ ಅದನ್ನು ದುಂಡಗೆ ಮಾಡಿ ಕೊಡುತ್ತದೆ. ಎರಡೂ ಸೇರಿದರೇ ಆ ಹಾಡುವ ದನಿ. ಇನ್ನುಳಿದದ್ದೆಲ್ಲ ಗಿಟಾರಿನ ವಾಲ್ಯೂಮ್ ನಾಬ್‌ನಲ್ಲಿ: 10ರಲ್ಲಿ ಸೋಲೊ, 6–7ರಲ್ಲಿ ರಿದಮ್, 3–4ರಲ್ಲಿ ಬಹುತೇಕ ಕ್ಲೀನ್. ಕಾಲಿನಿಂದ ಪೆಡಲ್ ಒತ್ತುವ ಅಭ್ಯಾಸ ಬಿಟ್ಟು ಕಿರುಬೆರಳಿಗೆ ನಾಬ್ ಕಲಿಸಿ.

ಅಪಾರ್ಟ್‌ಮೆಂಟಿನಲ್ಲಿ 30 ವ್ಯಾಟ್ ವಾಲ್ವ್ ಆಂಪ್ ಪೂರ್ತಿ ತೆರೆಯಲಾಗದು. ಒಂದೇ ಇಎಲ್84 ಇರುವ 4–5 ವ್ಯಾಟಿನ ಆಂಪ್ ನೋಡಿ. ಅದೂ ಜೋರೇ, ಆದರೆ ಬಾಗಿಲು ಹಾಕಿ ನುಡಿಸಬಹುದು. ಸಾಫ್ಟ್‌ವೇರ್ ಆಂಪ್ ಆದರೂ ಆಗಬಹುದು: ನಾರ್ಮಲ್ ಚಾನೆಲ್ ಆರಿಸಿ, ವಾಲ್ಯೂಮ್ ಪೂರ್ತಿ ಇಡಿ, ಅದಕ್ಕೆ ಮುಂಚೆ ಬೂಸ್ಟರ್. ಎಸಿ30ರ ‘ಕಟ್’ ನಾಬ್ ಉಲ್ಟಾ ಕೆಲಸ ಮಾಡುತ್ತದೆ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಇಳಿಯುತ್ತದೆ. ಅಮೆರಿಕದಿಂದ ಬಂಧುಗಳು ತಂದ 120 ವೋಲ್ಟ್ ಆಂಪ್‌ ಅನ್ನು ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ಆಂಪ್‌ನ ಬಳಕೆಗಿಂತ ಹೆಚ್ಚು ವ್ಯಾಟ್‌ನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಶುರುವಾದರೆ ಸಿಂಗಲ್ ಕಾಯಿಲ್ ಪಿಕಪ್ ಜೇನುಹುಳುಗಳಂತೆ ಗುಂಯ್‌ಗುಡುವುದು ಸಹಜ, ಗಿಟಾರ್ ಬಿಚ್ಚಬೇಡಿ. ಆದರೆ ತಂತಿ ಮುಟ್ಟಿದಾಗ ಸಣ್ಣಗೆ ಜುಮ್ ಅಂದರೆ, ಮೈಕ್ ತುಟಿಗೆ ತಾಗಿದಾಗ ಚುರ್ ಅಂದರೆ, ಆ ಕ್ಷಣವೇ ನಿಲ್ಲಿಸಿ. ಮನೆಯ ಅರ್ಥಿಂಗ್ ಕೆಟ್ಟಿದೆ, ಎಲೆಕ್ಟ್ರಿಷಿಯನ್ ಕರೆಯಿರಿ. ವಾಲ್ವ್ ಆಂಪ್ ಹಿಂಬದಿ ತೆಗೆಯುವ ಕೆಲಸ ಬಲ್ಲವರಿಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಉಳಿದಿರಬಹುದು.

ಕೊನೆಯದಾಗಿ ಗಿಟಾರ್ ವಾದ್ಯವೃಂದ. ಕ್ವೀನ್ ತಂಡ 1980ರ ‘ದ ಗೇಮ್’ ಆಲ್ಬಮ್ಮಿನವರೆಗೆ ಸಿಂಥಸೈಜರ್ ಮುಟ್ಟಿರಲಿಲ್ಲ, ಅಲ್ಲಿಯವರೆಗೆ ನೀವು ಕೇಳಿದ ತುತ್ತೂರಿ, ಗಂಟೆ, ಪಿಟೀಲುಗಳಂಥ ಎಷ್ಟೋ ದನಿ ಈ ಗಿಟಾರಿನದು. ಮನೆಯ ಕಂಪ್ಯೂಟರಿನಲ್ಲಿ ಇದನ್ನು ಮಾಡಲು ಒಂದು ನಿಯಮ ಪಾಲಿಸಿ: ಒಂದು ದನಿಗೆ ಒಂದೇ ಟ್ರ್ಯಾಕ್. ಮೂರು ಸ್ವರ ಒಟ್ಟಿಗೆ, ದನಿಯನ್ನು ಒಡೆಯುವ ಒಂದೇ ಡಿಸ್ಟಾರ್ಷನ್‌ಗೆ ಹೋದರೆ ಅವು ಒಂದನ್ನೊಂದು ಗುಣಿಸಿಕೊಂಡು, ನುಡಿಸದ ಬೇಡದ ಸ್ವರಗಳು ಹುಟ್ಟುತ್ತವೆ. ಜೊತೆಸ್ವರ ಸೇರಿಸುವ ಹಾರ್ಮೊನೈಜರ್ ಪೆಡಲ್ ಅನ್ನು ಡಿಸ್ಟಾರ್ಷನ್‌ಗೆ ಮುಂಚೆ ಇಟ್ಟಾಗ ಕೇಳುವ ಗಲೀಜು ಅದೇ. ಮೇಜರ್ ಸ್ಕೇಲಿನಲ್ಲಿ ಮೊದಲ ದನಿ ಸ-ರಿ-ಗ ಆದರೆ ಎರಡನೆಯದು ಗ-ಮ-ಪ, ಮೂರನೆಯದು ಪ-ದ-ನಿ. ಶುರುವಿಗೆ ಇಷ್ಟು ಸಾಕು, ಆದರೆ ಉದ್ದಕ್ಕೂ ಹೀಗೇ ಜತೆಜತೆಯಾಗಿ ನಡೆಸಿದರೆ ಯಂತ್ರದಂತೆ ಕೇಳುತ್ತದೆ. 1974ರ ‘ಕಿಲ್ಲರ್ ಕ್ವೀನ್’ ಸೋಲೊ ಕೇಳಿ: ದನಿಗಳು ಒಂದರ ಹಿಂದೊಂದು ಗಂಟೆಯಂತೆ ಬಂದು ಸೇರುತ್ತವೆ. ಪ್ರತಿ ಟ್ರ್ಯಾಕಿಗೂ ಪಿಕಪ್ ಜೋಡಿ ಬದಲಿಸಿ, ಒಂದಕ್ಕೆ ಔಟ್ ಆಫ್ ಫೇಸ್ ಇಡಿ, ಎಡ-ನಡು-ಬಲಕ್ಕೆ ಹಂಚಿ; ಆಗ ದನಿಗಳು ಬೇರೆ ಬೇರೆಯಾಗಿ ಕಿವಿಗೆ ನಿಲ್ಲುತ್ತವೆ. ಎಳೆದ ಸ್ವರಗಳು ಮೂರರಲ್ಲೂ ಒಂದೇ ವೇಗದಲ್ಲಿ ಗುರಿ ಮುಟ್ಟಬೇಕು. ಒಂದು ತಡವಾದರೂ ಬೆಸ್ವರ ಎದ್ದು ಕಾಣುತ್ತದೆ. ತಿದ್ದಬೇಡಿ, ಮತ್ತೆ ನುಡಿಸಿ.

‘ಬ್ರೈಟನ್ ರಾಕ್’ ರೀತಿಯ ಪ್ರತಿಧ್ವನಿ ಸೋಲೊಗೂ ಇದೇ ನಿಯಮ. ಮೇ ಮೂಲ ದನಿಯನ್ನೂ ಎರಡು ಡಿಲೇಗಳನ್ನೂ (ತಡವಾಗಿ ಮರಳುವ ಅದೇ ದನಿ) ಬೇರೆ ಬೇರೆ ಆಂಪ್‌ಗೆ ಕಳಿಸುತ್ತಾರೆ. ನಿಮಗೆ ಒಂದೇ ಆಂಪ್ ಇದ್ದರೆ ಡಿಲೇಯನ್ನು ಡಿಸ್ಟಾರ್ಷನ್ ಆದ ಮೇಲೆ, ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸೇರಿಸಿ. ಮೆಟ್ರೊನೋಮ್ 75ಕ್ಕೆ ಇಟ್ಟರೆ ಒಂದು ಬಡಿತ 800 ಮಿಲಿಸೆಕೆಂಡ್. ಮೊದಲ ಡಿಲೇ ಅಷ್ಟು, ಎರಡನೆಯದು ಅದರ ಎರಡರಷ್ಟು, ಫೀಡ್‌ಬ್ಯಾಕ್ ಸೊನ್ನೆ. ಒಂದು ಬಡಿತಕ್ಕೆ ಒಂದೇ ಸ್ವರ ನುಡಿಸಿ, ಹಿಂದಿನ ಸ್ವರ ವಾಪಸು ಬಂದಾಗ ಅದಕ್ಕೆ ಹೊಂದುವ ಗ ಅಥವಾ ಪ ನುಡಿಸಿ. ವಾರಗಟ್ಟಲೆ ಅಷ್ಟನ್ನೇ ಮಾಡಿ, ವೇಗ ಆಮೇಲೆ.

ಇಂತಿ ನಿಮ್ಮ,
ಬ್ರಯಾನ್ ಮೇ ಅಭಿಮಾನಿ ಬಳಗದ ಹವ್ಯಾಸಿಗಳು